ತ, ಕಿ, ಟ ಮೂವರಿಗೆ ಹಂಚಿ: ಒಂದೇ ಕೊರಳಲ್ಲಿ ಪದರಗಳ ರೆಕಾರ್ಡಿಂಗ್

ಕಾಂಗೋದಲ್ಲಿ ಹುಟ್ಟಿ ಬೆಲ್ಜಿಯಂನಲ್ಲಿ ಬೆಳೆದ ಮರೀ ಡೌಲ್ನ್ ಅವರ ಜಾಪ್ ಮಾಮಾ ತಂಡದ 1991ರ ಮೊದಲ ಆಲ್ಬಮ್ಮಿನಲ್ಲಿ ಬಹುಪಾಲು ಕೊರಳೇ ವಾದ್ಯ. ಅದರ ಒಂದು ಬೇರು ಮಧ್ಯ ಆಫ್ರಿಕಾದ ಕಾಡಿನವರ ಬಹುಸ್ವರ ಗಾಯನ. ಅಲ್ಲಿ ದನಿಯ ಮೇಲೆ ದನಿ ಪೇರಿಸುವುದಷ್ಟೇ ಅಲ್ಲ, ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರು ಹಾಡುವುದೂ ಇದೆ. ಮನೆಯಲ್ಲಿ ಒಬ್ಬರೇ ರೆಕಾರ್ಡ್ ಮಾಡುವಾಗಲೂ ಈ ಖಾಲಿ ಜಾಗವನ್ನು ಉಳಿಸಿಕೊಳ್ಳಬೇಕು.

ನಾನು ಮೊದಲು ಹಾಕುವುದು ಗಂಟೆಯ ಟ್ರ್ಯಾಕ್. ಎವೆ ಜನರಲ್ಲಿ ಬಳಕೆಯಲ್ಲಿರುವ 12 ಮಾತ್ರೆಯ ನಡೆ: 1, 3, 5, 6, 8, 10, 12ರ ಮೇಲೆ ಪೆಟ್ಟು. ಎವೆ ಜನ ಕಾಂಗೋದವರಲ್ಲ, ಪಶ್ಚಿಮ ಆಫ್ರಿಕಾದವರು. ಆದರೂ ಪದರ ಕಟ್ಟಲು ಇದಕ್ಕಿಂತ ಗಟ್ಟಿ ಆಧಾರ ನನಗೆ ಸಿಕ್ಕಿಲ್ಲ. ಬಾಯಲ್ಲಿ ನಾಲ್ಕು ತಕಿಟ ಹೇಳುತ್ತಾ ಕೈಯಲ್ಲಿ ಪೆಟ್ಟು ಹಾಕಿದರೆ ಬೇಗ ಕೂರುತ್ತದೆ. ವೇಗ ನಿಮಿಷಕ್ಕೆ 96 ತಕಿಟ.

ಆಮೇಲೆ ಹಂಚಿಕೆ. ಪ್ರತಿ 'ತ' ಕೆಳಸ್ಥಾಯಿಯ ಕೊರಳಿಗೆ, 'ಕಿ' ನಡುವಿನದಕ್ಕೆ, 'ಟ' ಮೇಲಿನದಕ್ಕೆ. ಮೇಲಿನದರಲ್ಲಿ ಎದೆದನಿಯಿಂದ ತಟ್ಟನೆ ತಲೆದನಿಗೆ ಜಿಗಿಯಬೇಕು. ಆ ಒಡಕೇ ಇದರ ಜೀವ, ನಯ ಮಾಡಲು ಹೋಗಬೇಡಿ. ಈ ವೇಗದಲ್ಲಿ ಒಂದು ಮಾತ್ರೆ ಸುಮಾರು 208 ಮಿಲಿಸೆಕೆಂಡು. 30 ಮಿಲಿಸೆಕೆಂಡು ತಡವಾದರೂ ಮೂರು ಕೊರಳಿನ ನೇಯ್ಗೆ ಸಡಿಲಾಗುತ್ತದೆ. ಹಾಗಾಗಿ ಸಾಫ್ಟ್‌ವೇರ್ ಮೂಲಕ ಸುತ್ತಿ ಬರುವ ದನಿ ಕೇಳುತ್ತಾ ಹಾಡದೆ, ಇಂಟರ್‌ಫೇಸ್‌ನ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಡೈರೆಕ್ಟ್ ಮಾನಿಟರಿಂಗ್, ಅಂದರೆ ನನ್ನ ದನಿಯನ್ನು ನೇರವಾಗಿ ಕಿವಿಗೆ ಕೊಡುವ ಸೌಲಭ್ಯ, ಬಳಸುತ್ತೇನೆ. ಬರೀ ಕ್ಲಿಕ್ (ತಾಳ ತೋರಿಸುವ ಟಿಕ್ ಟಿಕ್ ಸದ್ದು) ಕೇಳಿ ಹಾಡಿದರೆ ಪ್ರತಿ ಕೊರಳೂ ತನ್ನ ಪಾಡಿಗೆ ತಾನು ಹೋಗುತ್ತದೆ. ಹಿಂದಿನ ಪದರಗಳೆಲ್ಲ ಕಿವಿಗೆ ಬೀಳುತ್ತಿರಬೇಕು. ಸಂಗೀತಶಾಸ್ತ್ರಜ್ಞ ಸಿಮ್ಹಾ ಆರೊಮ್ 1970ರ ದಶಕದಲ್ಲಿ ಮಧ್ಯ ಆಫ್ರಿಕಾದಲ್ಲಿ ಬಹುಸ್ವರದ ಎಳೆಗಳನ್ನು ಬಿಡಿಸಿದ್ದೂ ಹೀಗೆಯೇ: ಮೊದಲಿನ ಎಳೆಯನ್ನು ಹೆಡ್‌ಫೋನಿನಲ್ಲಿ ಕೇಳಿಸಿ, ಮುಂದಿನದನ್ನು ಬೇರೆಯಾಗಿ ಮುದ್ರಿಸಿ.

ಹೆಡ್‌ಫೋನಿನಿಂದ ಗಂಟೆಯ ಸದ್ದು ಸೋರಿ ಮೈಕಿಗೆ ಬೀಳುತ್ತದೆ. ಒಂದು ಟ್ರ್ಯಾಕಿನಲ್ಲಿ ಗೊತ್ತಾಗದು, ಆರು ಸೇರಿದಾಗ ಚೀರುತ್ತದೆ. ಹಾಡುವಾಗಷ್ಟೇ ಗಂಟೆಯ 3 ಕಿಲೋಹರ್ಟ್ಸ್ ಮೇಲಿನ ಭಾಗ ಕತ್ತರಿಸಿ.

ಕೊರಳು ದಪ್ಪವಾಗಲಿ ಎಂದು ಅದೇ ಟ್ರ್ಯಾಕನ್ನು ಕಾಪಿ ಮಾಡಿದರೆ ಸದ್ದು 6 ಡೆಸಿಬಲ್ ಏರುತ್ತದೆಯೇ ಹೊರತು ಇನ್ನೊಬ್ಬರು ಬಂದಂತಾಗದು. ಮೈಕಿನಿಂದ 60 ಸೆಂಟಿಮೀಟರ್ ಹಿಂದೆ ಸರಿದು, ಸ್ವಲ್ಪ ಪಕ್ಕಕ್ಕೆ ತಿರುಗಿ, ಹೊಸದಾಗಿ ಹಾಡಿ. 'ಸ'ಕಾರವನ್ನು ಒಂದೇ ಪದರದಲ್ಲಿ ಉಚ್ಚರಿಸಿ, ಉಳಿದವುಗಳಲ್ಲಿ ನುಂಗಿ.

ಮಿಕ್ಸಿಂಗ್‌ನಲ್ಲಿ ಕೆಳಕೊರಳು ನಡುವೆ, ಉಳಿದೆರಡು ಎಡಬಲಕ್ಕೆ. ಪದರಗಳ 250 ಹರ್ಟ್ಸ್ ಆಸುಪಾಸು 2-3 ಡೆಸಿಬಲ್ ಇಳಿಸಿದರೆ ಮಂಕು ಹೋಗುತ್ತದೆ. ಮುಖ್ಯ ಗಾಯನ ಎಲ್ಲಕ್ಕಿಂತ ಕೊನೆಗೆ, ಮೈಕಿಗೆ 15 ಸೆಂಟಿಮೀಟರ್ ಹತ್ತಿರದಿಂದ, ಹೆಚ್ಚು ರಿವರ್ಬ್ (ದನಿಯ ಅನುರಣನ) ಇಲ್ಲದೆ.