ಸಿನಿಮಾ ಫ್ರೇಮ್ ನೋಡಿ ಸ್ಕೆಚ್ ಬರೆಯುವುದು: ನಾನು ಅನುಸರಿಸುವ ಕ್ರಮ

ಸಿನಿಮಾ ದೃಶ್ಯದ ಒಂದು ಫ್ರೇಮ್ (ನಿಲ್ಲಿಸಿದ ಒಂದೇ ಚಿತ್ರ) ನೋಡಿ ಸ್ಕೆಚ್ ಬರೆಯುವಾಗ ನಟರ ಮುಖ ಹೋಲಬೇಕೆಂಬ ಹಟ ನಾನು ಇಟ್ಟುಕೊಳ್ಳುವುದಿಲ್ಲ. ಛಾಯಾಗ್ರಾಹಕರು ಬೆಳಕನ್ನು ಎಲ್ಲಿಂದ ಬಿಟ್ಟಿದ್ದಾರೆ, ಚೌಕಟ್ಟಿನಲ್ಲಿ ಏನನ್ನು ಎಲ್ಲಿ ನಿಲ್ಲಿಸಿದ್ದಾರೆ, ಇವೆರಡು ಸಿಕ್ಕರೆ ಸಾಕು.

ಆರಂಭಕ್ಕೆ ಕಪ್ಪು-ಬಿಳುಪು ಚಿತ್ರಗಳೇ ಒಳ್ಳೆಯವು, ಬಣ್ಣ ದಾರಿ ತಪ್ಪಿಸುವುದಿಲ್ಲ. ಎಸ್. ರಾಮಚಂದ್ರ ಛಾಯಾಗ್ರಹಣದ ‘ಘಟಶ್ರಾದ್ಧ’ (1977), ಮೈಸೂರಿನ ವಿ.ಕೆ. ಮೂರ್ತಿ ಛಾಯಾಗ್ರಹಣದ ‘ಕಾಗಜ್ ಕೇ ಫೂಲ್’ (1959) ನನ್ನ ಮೊದಲ ಆಯ್ಕೆ. ಪಕ್ಕಗಳನ್ನು ಕತ್ತರಿಸದ, ಪೂರ್ತಿ ಅಗಲದ ಪ್ರತಿಯನ್ನೇ ಹುಡುಕಿ. ಟಿವಿಗೆಂದು ಕತ್ತರಿಸಿದ್ದರಲ್ಲಿ ಸಂಯೋಜನೆಯೇ ಉಳಿದಿರುವುದಿಲ್ಲ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ‘ಇ’ (E) ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಕ್ಯಾಮೆರಾ ಚಲನೆ ನಿಂತ ಕಡೆ ಹಿಡಿಯಿರಿ, ನಡುವೆ ನಿಲ್ಲಿಸಿದರೆ ಅಂಚೆಲ್ಲ ಕಲಸಿಹೋಗಿರುತ್ತದೆ.

ಕಾಗದದ ಮೇಲೆ ಮೊದಲು ಚೌಕಟ್ಟು. ಸಿನಿಮಾಸ್ಕೋಪ್ ಎಂಬ ಅಗಲ ಪರದೆಯ ಚಿತ್ರಕ್ಕೆ (ಅಗಲ-ಎತ್ತರದ ಅನುಪಾತ 2.35:1) 14 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರ. ಇದಕ್ಕಿಂತ ದೊಡ್ಡದಾದರೆ ಕೈ ತಾನಾಗಿ ಕಣ್ಣು, ಮೂಗು ತಿದ್ದಲು ಹೊರಡುತ್ತದೆ. 75 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ಅಳತೆ) ಜೆರಾಕ್ಸ್ ಹಾಳೆಯಲ್ಲಿ ಮಾರ್ಕರ್ ಹರಡಿಕೊಳ್ಳುತ್ತದೆ. 160ಕ್ಕಿಂತ ಕಡಿಮೆ ಬೇಡ. ಕಪ್ಪು ಬ್ರಷ್ ಪೆನ್, ಒಂದು ಬೂದು ಮಾರ್ಕರ್, ಬಿಳಿಗೆ ಕಾಗದ: ಮೂರೇ ಟೋನ್, ಅಂದರೆ ಬೆಳಕು-ಕತ್ತಲಿನ ಮೂರೇ ಹಂತ.

ಕಣ್ಣು ಕಿರಿದು ಮಾಡಿ ನೋಡಿ, ಕಪ್ಪು ಭಾಗಗಳನ್ನು ಒಂದೇ ಆಕಾರವಾಗಿ ತುಂಬಿ. ಕಪ್ಪು ಕೂದಲು ಕತ್ತಲ ಗೋಡೆಗೆ ಸೇರಿಹೋಗಿದ್ದರೆ ಹಾಗೇ ಸೇರಲಿ, ನಡುವೆ ಗೆರೆ ಎಳೆಯಬೇಡಿ. ಹೆಚ್ಚಿನವರು ಎಡವುವುದು ಬಿಳಿ ಪಂಚೆಯಲ್ಲಿ. ಬಿಳಿ ಎಂದು ಗೊತ್ತಿರುವುದರಿಂದ ಖಾಲಿ ಬಿಡುತ್ತಾರೆ. ನೆರಳಿನಲ್ಲಿರುವ ಪಂಚೆ ಬಿಸಿಲಿಗೆ ಒಡ್ಡಿದ ಕಂದು ಮೈಗಿಂತಲೂ ಕಪ್ಪಗಿರಬಹುದು. ಸಂಶಯ ಬಂದರೆ ಕಾಗದದಲ್ಲಿ ಸಣ್ಣ ತೂತು ಮಾಡಿ ಅದರ ಮೂಲಕ ಎರಡು ಜಾಗವನ್ನೂ ನೋಡಿ ಹೋಲಿಸಿ.

‘ಕಾಗಜ್ ಕೇ ಫೂಲ್’ನಲ್ಲಿ ಖಾಲಿ ಸ್ಟುಡಿಯೊದೊಳಗೆ ಓರೆಯಾಗಿ ಇಳಿಯುವ ಬೆಳಕಿನ ಕೋಲು ಇದೆಯಲ್ಲ, ಮೂರ್ತಿಯವರು ಕನ್ನಡಿಗಳಿಂದ ಬಿಸಿಲನ್ನೇ ಒಳಕ್ಕೆ ತಿರುಗಿಸಿ ತೆಗೆದದ್ದು. ಅದನ್ನು ಬರೆಯದೆ ಈ ಅಭ್ಯಾಸ ಪೂರ್ತಿಯಾಗದು ಎಂಬುದು ನನ್ನ ಅಭಿಪ್ರಾಯ. ಉದ್ದಕ್ಕೂ ಬಿಳಿ ಬಿಟ್ಟರೆ ಗೋಡೆಗೆ ಒರಗಿಸಿದ ಹಲಗೆಯಂತೆ ಕಾಣುತ್ತದೆ. ಕೋಲಿಗೆ ತೆಳು ಬೂದು ಕೊಟ್ಟು, ಎರಡೂ ಬದಿಗೆ ಕಪ್ಪು ಒತ್ತರಿಸಿ, ಬೆಳಕು ಬಿದ್ದ ಜಾಗವನ್ನಷ್ಟೇ ಬಿಳಿಯಾಗಿ ಉಳಿಸಿ.

ಒಂದು ಫ್ರೇಮಿಗೆ ಹತ್ತು ನಿಮಿಷ ಸಾಕು. ಆಮೇಲೆ ಪರದೆ ಮುಚ್ಚಿ, ಅದೇ ದೃಶ್ಯದ ನೆಲನಕ್ಷೆ ಬರೆಯುತ್ತೇನೆ: ಮೇಲಿನಿಂದ ನೋಡಿದಂತೆ ಕಿಟಕಿ, ದೀಪ, ಪಾತ್ರಗಳು, ಕ್ಯಾಮೆರಾ. ಕ್ಯಾಮೆರಾವನ್ನು ಎದುರು ಮೂಲೆಗೆ ಸರಿಸಿ ಮತ್ತೆ ಬರೆಯುವುದು ಕೊನೆಯ ಹಂತ. ಮೊದಲು ಎದುರಿನಿಂದ ಬೆಳಗಿದ್ದ ಪಾತ್ರ ಈಗ ನಮಗೆ ಬೆನ್ನು ಮಾಡಿ ಕಪ್ಪಾಗಬೇಕು, ನೆರಳುಗಳು ನಮ್ಮತ್ತ ಚಾಚಬೇಕು. ಹಾಗೆ ಆಗದಿದ್ದರೆ ಬೆಳಕಿನ ಮೂಲವನ್ನು ನಕ್ಷೆಯಲ್ಲಿ ತಪ್ಪು ಗುರುತಿಸಿರುತ್ತೀರಿ. ಮೂಲ ಫ್ರೇಮಿಗೆ ಹಿಂತಿರುಗಿ ಮೂಗಿನ ನೆರಳು ಯಾವ ಕಡೆ ಬಿದ್ದಿದೆ ನೋಡಿ.