ಡಿಜಿಟಲ್ ಟೋಕನ್‌ಗಳ ಮೂಲಕ ಧಾತುಗಳ ಕಲಿಕೆ: ಸಂಗ್ರಹವನ್ನು ರೂಪಿಸುವ ಬಗೆ

ಧಾತುಗಳನ್ನು ಡಿಜಿಟಲ್ ಟೋಕನ್‌ಗಳಾಗಿ, ಅಂದರೆ ಒಡೆತನವನ್ನು ಕಂಪ್ಯೂಟರಿನಲ್ಲಿ ದಾಖಲಿಸಿದ ಬಿಲ್ಲೆಗಳಾಗಿ, ಸಂಗ್ರಹಿಸುವ ಆಟದಿಂದ ರಸಾಯನಶಾಸ್ತ್ರ ತಲೆಗೆ ಹತ್ತಬೇಕಾದರೆ ಒಂದು ಷರತ್ತನ್ನು ಮೊದಲೇ ಒಪ್ಪಿಕೊಳ್ಳಬೇಕು: ಟೋಕನ್‌ನ ಸಂಖ್ಯೆ, ಅದರ ವಿರಳತೆ, ಅದು ಮತ್ತೊಂದರೊಡನೆ ಕೂಡುವ ರೀತಿ, ಈ ಮೂರನ್ನೂ ಧಾತುವಿನ ಗುಣವೇ ನಿರ್ಧರಿಸಬೇಕು. ಚಿತ್ರ ಅಂದವಾಗಿದ್ದು ನಿಯಮಗಳು ಮನಸ್ಸಿಗೆ ತೋಚಿದಂತಿದ್ದರೆ ಮಕ್ಕಳಲ್ಲಿ ಉಳಿಯುವುದು ಚಿತ್ರವಷ್ಟೇ. ಚಿತ್ರದುರ್ಗದ ಪ್ರೌಢಶಾಲಾ ಶಿಕ್ಷಕರೋ ಪೋಷಕರೋ ಇಂಥದೊಂದು ಸಂಗ್ರಹವನ್ನು ಖರ್ಚಿಲ್ಲದೆ ತಾವೇ ಸಿದ್ಧಪಡಿಸುವ ಕ್ರಮ ಹೀಗಿದೆ.

ಆರಂಭಕ್ಕೆ ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳು ಒಟ್ಟಾಗಿ ಇಟ್ಟುಕೊಳ್ಳುವ ಲೆಕ್ಕದ ಪುಸ್ತಕ) ಬೇಕೇ ಬೇಕು ಎಂದೇನಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿ ಒಂದು ಸ್ಪ್ರೆಡ್‌ಶೀಟ್ ತೆರೆದು, ಟೋಕನ್ ಸಂಖ್ಯೆ, ಧಾತು, ಈಗಿನ ಒಡೆಯರು, ಬಂದ ದಿನಾಂಕ ಎಂಬ ನಾಲ್ಕು ಕಾಲಂ ಮಾಡಿಕೊಂಡರೆ ಸಾಕು. ಆಸಕ್ತಿಯುಳ್ಳವರು ಇದನ್ನೇ ಇಥೀರಿಯಂ ಎಂಬ ಬ್ಲಾಕ್‌ಚೈನ್‌ನ ಪ್ರಯೋಗಕ್ಕೆಂದೇ ಇರುವ ಸೆಪೋಲಿಯಾ ಎಂಬ ಪರೀಕ್ಷಾ ಜಾಲದಲ್ಲಿ ಮಾಡಬಹುದು. ಅಲ್ಲಿ ಶುಲ್ಕಕ್ಕೆ ಬಳಸುವ ಈಥರ್ ಎಂಬ ಡಿಜಿಟಲ್ ನಾಣ್ಯಕ್ಕೆ ಮಾರುಕಟ್ಟೆ ಬೆಲೆ ಇಲ್ಲ. ಪರೀಕ್ಷಾ ಜಾಲಗಳು ಕಾಲಕಾಲಕ್ಕೆ ಮುಚ್ಚಿಹೋಗುವುದರಿಂದ ಸ್ಪ್ರೆಡ್‌ಶೀಟಿನ ಪ್ರತಿಯನ್ನಂತೂ ಉಳಿಸಿಕೊಳ್ಳಬೇಕು.

ಜಾಲಕ್ಕೆ ಹೋಗುವವರು, ಇಥೀರಿಯಂನಲ್ಲಿ ಟೋಕನ್ ರಚಿಸುವ ನಿಯಮಾವಳಿಗಳ ಪೈಕಿ, ಇಆರ್‌ಸಿ-721 ಮಾದರಿಯನ್ನು ಬಿಟ್ಟು ಇಆರ್‌ಸಿ-1155 ಆರಿಸಿಕೊಳ್ಳುವುದು ಒಳ್ಳೆಯದು. ಮೊದಲನೆಯದರಲ್ಲಿ ಪ್ರತಿಯೊಂದು ಟೋಕನ್ನೂ ಜಗತ್ತಿನಲ್ಲಿ ಒಂದೇ ಒಂದು. ಆದರೆ ಒಂದೇ ಸಮಸ್ಥಾನಿಯ (ಐಸೋಟೋಪ್, ಅಂದರೆ ಒಂದೇ ಧಾತುವಿನ ರಾಶಿ ಬೇರೆಯಾದ ಪರಮಾಣು ಬಗೆಗಳಲ್ಲಿ ಒಂದು) ಎರಡು ಪರಮಾಣುಗಳ ನಡುವೆ ವ್ಯತ್ಯಾಸವೇ ಇಲ್ಲದಿರುವಾಗ ಅಂಥ ಟೋಕನ್ ಮಕ್ಕಳಿಗೆ ತಪ್ಪು ಹೇಳಿಕೊಟ್ಟಂತಾಗುತ್ತದೆ. ಎರಡನೆಯ ಮಾದರಿಯಲ್ಲಿ ಒಂದೇ ಸಂಖ್ಯೆಯಡಿ ಎಷ್ಟು ಪ್ರತಿಗಳಾದರೂ ಇರಬಹುದು. ಆ ಸಂಖ್ಯೆ ಪರಮಾಣು ಸಂಖ್ಯೆಯಿಂದಲೇ ಆರಂಭವಾಗಲಿ. ಧಾತುವಿನ ಗುರುತು ಅದರ ರಾಶಿಯಲ್ಲ, ಪರಮಾಣು ಸಂಖ್ಯೆ ಎಂದು 1913ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಮೋಸ್ಲೆ ಎಕ್ಸ್-ಕಿರಣಗಳ ಪ್ರಯೋಗದಿಂದ ತೋರಿಸಿಕೊಟ್ಟದ್ದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಯಾವ ಧಾತುವಿಗೆ ಎಷ್ಟು ಟೋಕನ್ ಎಂಬುದು ನಂತರದ ಪ್ರಶ್ನೆ, ಮತ್ತು ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡುವ ಭಾಗವೂ ಇದೇ. ಒಂದು ಟನ್ ಭೂ ತೊಗಟೆಯಲ್ಲಿ ಆಮ್ಲಜನಕ ಸುಮಾರು 460 ಕಿಲೋ, ಕಬ್ಬಿಣ ಸುಮಾರು 55 ಕಿಲೋ, ತಾಮ್ರ ಸುಮಾರು 60 ಗ್ರಾಂ ಇದ್ದರೆ, ಚಿನ್ನ ನಾಲ್ಕು ಮಿಲಿಗ್ರಾಂನಷ್ಟು ಮಾತ್ರ. ಇದೇ ಅನುಪಾತದಲ್ಲಿ ಹಂಚಲು ಹೊರಟರೆ ಚಿನ್ನದ ಒಂದು ಟೋಕನ್‌ಗೆ ಆಮ್ಲಜನಕದ ಹನ್ನೊಂದು ಕೋಟಿಗೂ ಹೆಚ್ಚು ಟೋಕನ್ ಬೇಕಾಗುತ್ತದೆ. ಆದ್ದರಿಂದ ಚಿನ್ನಕ್ಕೆ ಎರಡು ಎಂದು ಹಿಡಿದು, ಪ್ರಮಾಣ ಹತ್ತು ಪಟ್ಟು ಏರಿದಾಗಲೆಲ್ಲ ಎರಡೆರಡು ಟೋಕನ್ ಹೆಚ್ಚಿಸುತ್ತ ಹೋಗಬೇಕು. ಆಗ, ಹತ್ತಿರದ ಹಂತಕ್ಕೆ ಹೊಂದಿಸಿದರೆ, ತಾಮ್ರಕ್ಕೆ 10, ಗಂಧಕಕ್ಕೂ ಕ್ಲೋರಿನ್‌ಗೂ 12, ಕಬ್ಬಿಣಕ್ಕೆ 16, ಆಮ್ಲಜನಕಕ್ಕೆ 18 ಬರುತ್ತವೆ. ಲಾಗರಿದಮ್ ಎಂಬ ಹೆಸರೆತ್ತದೆಯೇ ಅದರ ಪರಿಚಯವೂ ಆಗಿಬಿಡುತ್ತದೆ. ಸಾರಜನಕ, ಆರ್ಗಾನ್‌ಗಳನ್ನು ಮಾತ್ರ ಗಾಳಿಯಲ್ಲಿನ ಪ್ರಮಾಣ ನೋಡಿ ಬೇರೆಯಾಗಿ ಲೆಕ್ಕ ಹಾಕಬೇಕು. ಮಾರುಕಟ್ಟೆಯ ಸಂಗ್ರಹಗಳಲ್ಲಿ ವಿರಳತೆಯನ್ನು ಬೇಕೆಂದೇ ಸೃಷ್ಟಿಸುತ್ತಾರೆ. ಇಲ್ಲಿ ಅದನ್ನು ಭೂಮಿಯೇ ನಿಗದಿ ಮಾಡಿದೆ.

ಪ್ರತಿಗಳ ಸಂಖ್ಯೆ ಗೊತ್ತಾದ ಮೇಲೆ ಸಮಸ್ಥಾನಿಗಳನ್ನು ಹಂಚಬೇಕು. ನಿಸರ್ಗದಲ್ಲಿ ತಾಮ್ರ-63 ಶೇ. 69ರಷ್ಟು, ತಾಮ್ರ-65 ಶೇ. 31ರಷ್ಟು ಇವೆ. ಹತ್ತು ಟೋಕನ್‌ಗಳಲ್ಲಿ ಏಳಕ್ಕೆ 29063 (29 ಪರಮಾಣು ಸಂಖ್ಯೆ, 063 ರಾಶಿ) ಎಂದೂ ಮೂರಕ್ಕೆ 29065 ಎಂದೂ ಸಂಖ್ಯೆ ಕೊಟ್ಟು, ರಾಶಿಗಳ ಸರಾಸರಿ ತೆಗೆಯಲು ಮಕ್ಕಳಿಗೆ ಹೇಳಿ, 63.6 ಬರುತ್ತದೆ, ಕೋಷ್ಟಕದಲ್ಲಿರುವ ಬೆಲೆ 63.55. ಕ್ಲೋರಿನ್‌ನ ಹನ್ನೆರಡರಲ್ಲಿ ಒಂಬತ್ತು 17035, ಮೂರು 17037 ಆದರೆ ಸರಾಸರಿ ಸರಿಯಾಗಿ 35.5. ಪುಸ್ತಕದಲ್ಲಿ ಈ ಅರ್ಧ ಎಲ್ಲಿಂದ ಬಂತು ಎಂದು ಕೇಳಲು ಹಿಂಜರಿಯುವ ಮಗುವಿಗೂ ಉತ್ತರ ಕೈಯಲ್ಲೇ ಸಿಗುತ್ತದೆ.

ಇನ್ನು ಕೂಡಿಸುವ ನಿಯಮ. ಊರಿನ ಪಕ್ಕದ ಇಂಗಳದಾಳಿನಲ್ಲಿ ತಾಮ್ರದ ಗಣಿಗಾರಿಕೆ ನಡೆದಿದ್ದು ಇಲ್ಲಿಯವರಿಗೆ ತಿಳಿದೇ ಇದೆ. ಅಲ್ಲಿಯ ಮುಖ್ಯ ತಾಮ್ರದ ಅದಿರು ಚಾಲ್ಕೋಪೈರೈಟ್. ಅದರ ಸೂತ್ರದಂತೆ ತಾಮ್ರ ಒಂದು, ಕಬ್ಬಿಣ ಒಂದು, ಗಂಧಕ ಎರಡು ಟೋಕನ್ ಒಟ್ಟುಗೂಡಿಸಿದವರಿಗೆ ‘ಇಂಗಳದಾಳ್ ಅದಿರು’ ಎಂಬ ಸಂಯುಕ್ತದ ಟೋಕನ್ ಕೊಡಬಹುದು. ಕಬ್ಬಿಣ ಎರಡು, ಆಮ್ಲಜನಕ ಮೂರು ಸೇರಿದರೆ ಹೆಮಟೈಟ್. ಇಲ್ಲಿ ಎಚ್ಚರಿಕೆಯೊಂದಿದೆ. ಟೋಕನ್ ಆಟಗಳಲ್ಲಿ ಹೊಸದನ್ನು ಪಡೆಯಲು ಹಳೆಯವನ್ನು ‘ಬರ್ನ್’ ಮಾಡುವುದು, ಅಂದರೆ ಶಾಶ್ವತವಾಗಿ ಅಳಿಸಿಬಿಡುವುದು ರೂಢಿ. ರಾಸಾಯನಿಕ ಕ್ರಿಯೆಯಲ್ಲಿ ಯಾವ ಪರಮಾಣುವೂ ನಾಶವಾಗುವುದಿಲ್ಲವಾದ್ದರಿಂದ ಬಿಡಿ ಟೋಕನ್‌ಗಳನ್ನು ಅಳಿಸದೆ ಸಂಯುಕ್ತದೊಳಗೆ ಬೀಗ ಹಾಕಿಡಬೇಕು. ಸಂಯುಕ್ತವನ್ನು ಒಡೆದಾಗ ಅವು ಅದೇ ಸಂಖ್ಯೆಯಲ್ಲಿ ಹೊರಬರಬೇಕು. ಸ್ಪ್ರೆಡ್‌ಶೀಟಿನಲ್ಲಾದರೆ ಒಡೆಯರ ಕಾಲಂನಲ್ಲಿ ವಿದ್ಯಾರ್ಥಿಯ ಹೆಸರಿನ ಬದಲು ಸಂಯುಕ್ತದ ಸಂಖ್ಯೆ ಬರೆದರಾಯಿತು. ಸಮೀಕರಣ ಸರಿದೂಗಿಸುವುದನ್ನು ಕಲಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಕಾಣದು.

ಟೋಕನ್‌ನ ಮುಖದ ಮೇಲೆ ಸಂಕೇತ, ಎಲೆಕ್ಟ್ರಾನ್ ವಿನ್ಯಾಸ, ವೇಲೆನ್ಸಿ, ಭೌತಸ್ಥಿತಿ, ಜೊತೆಗೆ ಜಿಲ್ಲೆಗೆ ಸಂಬಂಧಿಸಿದ ಒಂದು ಸಾಲು ಇರಲಿ. ಗ್ಯಾಲಿಯಂ 29.76 ಡಿಗ್ರಿಯಲ್ಲಿ ಕರಗುವುದರಿಂದ, ಪುಸ್ತಕ 25 ಡಿಗ್ರಿಯ ಲೆಕ್ಕದಲ್ಲಿ ಅದನ್ನು ಘನವೆಂದರೂ ಏಪ್ರಿಲ್ ಮಧ್ಯಾಹ್ನದ ಚಿತ್ರದುರ್ಗದಲ್ಲಿ ಅದು ದ್ರವವೇ. ಫ್ಲೋರಿನ್ ಬಗ್ಗೆ ಬರೆಯುವಾಗ ಜಾಗ್ರತೆ ಬೇಕು: ನಮ್ಮ ಕೊಳವೆಬಾವಿಗಳ ನೀರಿನಲ್ಲಿ ಕಾಡುವುದು ಫ್ಲೋರಿನ್ ಅನಿಲವಲ್ಲ, ಫ್ಲೋರೈಡ್ ಅಯಾನು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿನ ಮೂಲವೇ ಇಲ್ಲದಾಗ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಚಿತ್ರಗಳನ್ನು ಅಂತರ್ಜಾಲದಿಂದ ಎತ್ತಿಕೊಳ್ಳದೆ ಮಕ್ಕಳೇ ತೆಗೆದ ಫೋಟೋ ಬಳಸಿ. ತಾಮ್ರದ ತಂಬಿಗೆ, ಅಲ್ಯೂಮಿನಿಯಂ ಪಾತ್ರೆ ಯಾರ ಮನೆಯಲ್ಲಾದರೂ ಇರುತ್ತವೆ.

ಟೋಕನ್ ಸಿಗಬೇಕಾದದ್ದು ಉತ್ತರಕ್ಕೆ. ಮೊದಲ ಇಪ್ಪತ್ತು ಧಾತುಗಳಿಗೆ ಎಲೆಕ್ಟ್ರಾನ್ ವಿನ್ಯಾಸ ಬರೆದರೆ ಒಂದು, ವಿರಳವಾದವಕ್ಕೆ ಸ್ವಲ್ಪ ಕಠಿಣ ಪ್ರಶ್ನೆ. ಅದಲುಬದಲಿಗೆ ಅವಕಾಶವಿರಲಿ, ಆದರೆ ಕೊಡುವವರು ತಮ್ಮ ಧಾತುವಿನ ಒಂದು ಗುಣವನ್ನು ತರಗತಿಯ ಮುಂದೆ ಹೇಳಿಯೇ ಕೊಡಬೇಕು.

ಇದನ್ನು ಹಣದ ವ್ಯವಹಾರಕ್ಕೆ ಒಯ್ಯುವುದು ಬೇಡ. ಭಾರತದಲ್ಲಿ ವರ್ಚುವಲ್ ಡಿಜಿಟಲ್ ಆಸ್ತಿಯ (ಕ್ರಿಪ್ಟೊ ನಾಣ್ಯ, ಟೋಕನ್ ಮುಂತಾದವು) ವರ್ಗಾವಣೆಯಿಂದ ಬಂದ ಲಾಭಕ್ಕೆ 2022ರ ಏಪ್ರಿಲ್ 1ರಿಂದ ಶೇ. 30 ತೆರಿಗೆಯಿದೆ, ಮೇಲೆ ಸೆಸ್ ಬೇರೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಪರೀಕ್ಷಾ ಜಾಲ ಬಳಸಿದರೂ ಮಕ್ಕಳ ಹೆಸರಿನಲ್ಲಿ ವಾಲೆಟ್ (ಟೋಕನ್‌ಗಳನ್ನು ನಿರ್ವಹಿಸುವ ಖಾತೆ) ತೆರೆಯದೆ, ಶಿಕ್ಷಕರೊಬ್ಬರ ಹೆಸರಿನಲ್ಲಿ ಇದಕ್ಕಾಗಿಯೇ ಹೊಸದೊಂದನ್ನು ತೆರೆಯಬೇಕು. ಅದರ ಕೀಲಿಯಂತಿರುವ ಹನ್ನೆರಡು ಗುಪ್ತ ಪದಗಳನ್ನು ಫೋನಿನಲ್ಲಿ ಫೋಟೋ ತೆಗೆದಿಡದೆ ಕಾಗದದ ಮೇಲೆ ಬರೆದು ಬೀರುವಿನಲ್ಲಿಡಬೇಕು, ಮತ್ತು ಯಾವ ಜಾಲತಾಣ ಕೇಳಿದರೂ ಅವನ್ನು ಕೊಡಕೂಡದು.