ಮನೆಗೆ ನೀರು ನುಗ್ಗಿತ್ತೇ? ಗ್ಯಾಸ್ ವಾಲ್ವ್ ತೆರೆಯುವ ಮುನ್ನ ಇದನ್ನು ಓದಿ

2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ನಿಂತ ನೀರು ಇಳಿದ ಮೇಲಿನ ಒಂದು ಬೆಳಿಗ್ಗೆ. ನಮ್ಮ ಅಪಾರ್ಟ್‌ಮೆಂಟಿನ ನೆಲಮಹಡಿಯ ಅಜ್ಜಿ ಮೆಟ್ಟಿಲ ಹತ್ತಿರ ನಿಂತು ಕರೆದರು: "ಸ್ವಲ್ಪ ಬಂದು ನೋಡಮ್ಮ, ಒಲೆ ಯಾಕೋ ಕೆಮ್ತಾ ಇದೆ."

ಹೋಗಿ ನೋಡಿದರೆ ಅವರು ಹೇಳಿದ್ದು ಅಕ್ಷರಶಃ ನಿಜ. ನೀಲಿ ಉರಿ ಇದ್ದಕ್ಕಿದ್ದಂತೆ ಹಳದಿಗೆ ತಿರುಗುತ್ತಿತ್ತು. ಒಮ್ಮೆ ಎದ್ದು, ಒಮ್ಮೆ ಕುಸಿದು, ಕೊನೆಗೆ ಪುಸಕ್ ಎಂದು ಆರಿಹೋಗುತ್ತಿತ್ತು. ಉರಿ ಆರಿದರೂ ಬರ್ನರಿನಿಂದ ಗ್ಯಾಸ್ ಬರುತ್ತಲೇ ಇತ್ತು. ಅಜ್ಜಿ ಆಗಲೇ ಮೂರು ಸಲ ಲೈಟರ್ ಒತ್ತಿದ್ದರು. ವಾಲ್ವ್ ಮುಚ್ಚಿಸಿ, ಕಿಟಕಿ ತೆರೆದು, ಅವರನ್ನು ಹೊರಗೆ ಕೂರಿಸಿದೆ. ಮಧ್ಯಾಹ್ನ ಬಂದ ಗ್ಯಾಸ್ ಕಂಪನಿಯ ಹುಡುಗ ಮೀಟರಿನ ಪಕ್ಕದ ಜೋಡಣೆ ಬಿಚ್ಚಿದಾಗ ಒಂದು ಲೋಟದಷ್ಟು ಕೆಂಪು ನೀರು ಸುರಿಯಿತು.

ಗ್ಯಾಸ್ ಪೈಪಿನೊಳಗೆ ನೀರು ಹೋಗುವುದಾದರೂ ಹೇಗೆ? ಅಡುಗೆಮನೆಗೆ ಕೊಳವೆಯಲ್ಲಿ ಬರುವ ಗ್ಯಾಸಿನ ಒತ್ತಡ ಸುಮಾರು 21 ಮಿಲಿಬಾರ್. ನೀರಿನ ಲೆಕ್ಕದಲ್ಲಿ ಹೇಳುವುದಾದರೆ 21 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣು ಎತ್ತರದ ನೀರು ಒತ್ತುವಷ್ಟು. ಜೋಡಣೆಯಲ್ಲಿ ಎಲ್ಲೋ ಒಂದು ಸಣ್ಣ ಸಡಿಲು ಇದ್ದು, ಅದರ ಮೇಲೆ ಒಂದು ಗೇಣಿಗಿಂತ ಹೆಚ್ಚು ನೀರು ನಿಂತರೆ ಗ್ಯಾಸ್ ಹೊರಗೆ ಬರುವುದಿಲ್ಲ, ನೀರೇ ಒಳಗೆ ಹೋಗುತ್ತದೆ. ನೀರು ಇಳಿದ ಮೇಲೆ ಅದೇ ಸಡಿಲಿನಿಂದ ಗ್ಯಾಸ್ ಸೋರಲು ಶುರುವಾಗುತ್ತದೆ. ನೆರೆ ನಿಂತಿರುವಾಗ ಇಲ್ಲದ ಅಪಾಯ ನೆರೆ ಹೋದ ಮೇಲೆ ಎದುರಾಗುವುದು ಹೀಗೆ.

ನಗರದಲ್ಲಿ ಈಗ ಕೊಳವೆ ಗ್ಯಾಸಿನ ಮನೆಗಳು ಬಹಳ. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಬರುವ ದೊಡ್ಡ ಪೈಪ್‌ಲೈನ್ 2013ರಲ್ಲಿ ಶುರುವಾದ ಮೇಲೆ ಗೇಲ್ ಗ್ಯಾಸ್ ಕಂಪನಿ ಬಡಾವಣೆಯಿಂದ ಬಡಾವಣೆಗೆ ಕೊಳವೆ ಎಳೆಯುತ್ತಾ ಬಂದಿದೆ. ಹಾಗಾಗಿ ಮುಂದಿನ ಹೆಜ್ಜೆಗಳನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿಕೊಳ್ಳಿ. ಎಲ್ಲದರ ಹಿಂದಿರುವ ನಿಯಮ ಒಂದೇ: ವಾಲ್ವ್ ಮುಚ್ಚುವುದು ನಮ್ಮ ಕೆಲಸ, ಮುಳುಗಿದ ಲೈನನ್ನು ಮತ್ತೆ ತೆರೆಯುವುದು ಕಂಪನಿಯವರ ಕೆಲಸ.

ಹೆಜ್ಜೆ 1: ಮಳೆಗಾಲಕ್ಕೆ ಮುಂಚೆ ವಾಲ್ವ್ ಹುಡುಕಿ

ಒಲೆಯ ಹತ್ತಿರ ಒಂದು ವಾಲ್ವ್ ಇರುತ್ತದೆ, ಮೀಟರಿನ ಹತ್ತಿರ ಇನ್ನೊಂದು. ಇಡೀ ಕಟ್ಟಡಕ್ಕೆ ಬರುವ ಲೈನಿಗೆ ಹೊರಗೆ ಮತ್ತೊಂದು. ಮೊದಲ ಎರಡನ್ನು ಮನೆಯ ಎಲ್ಲರೂ, ಅಡುಗೆಗೆ ಬರುವ ಸಹಾಯಕಿಯೂ ಸೇರಿ, ಕೈಯಿಂದ ಮುಟ್ಟಿ ನೋಡಿರಬೇಕು. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ. ಮೂರನೆಯದು ಎಲ್ಲಿದೆ ಎಂಬುದು ಅಸೋಸಿಯೇಷನ್ನಿನವರಿಗೂ ಸೆಕ್ಯುರಿಟಿಗೂ ಗೊತ್ತಿರಲಿ. ಬಿಲ್ಲಿನ ಮೇಲಿರುವ ತುರ್ತು ನಂಬರನ್ನು ಫೋನಿನಲ್ಲಿ ಉಳಿಸಿಕೊಂಡರೆ ಸಾಲದು, ಗೇಟಿನ ಗೋಡೆಯ ಮೇಲೆ ಪೇಂಟಿನಲ್ಲಿ ಬರೆಸಿ. ನೀರು ಬಂದ ರಾತ್ರಿ ಮೊದಲು ಸಾಯುವುದು ಫೋನಿನ ಬ್ಯಾಟರಿ.

ಹೆಜ್ಜೆ 2: ನೀರು ಏರುತ್ತಿದ್ದರೆ ಮುಚ್ಚಿ ಹೊರಡಿ

ರಾಜಕಾಲುವೆ ಉಕ್ಕಿ ನೀರು ಹೊಸ್ತಿಲಿಗೆ ಬಂತು ಎಂದಾದರೆ ಒಲೆಯ ವಾಲ್ವ್, ಮೀಟರಿನ ವಾಲ್ವ್ ಎರಡನ್ನೂ ಮುಚ್ಚಿ. ನೆಲ ಒಣಗಿದ್ದರೆ ಮಾತ್ರ ಕರೆಂಟಿನ ಮೇನ್ ಸ್ವಿಚ್ ಇಳಿಸಿ. ನೀರಿನಲ್ಲಿ ನಿಂತು ಅದನ್ನು ಮುಟ್ಟಬೇಡಿ, ಬೆಸ್ಕಾಂನ 1912ಕ್ಕೆ ಹೇಳಿ. ಮೀಟರ್ ಆಗಲೇ ಮುಳುಗಿದ್ದರೆ ಅದನ್ನು ಮುಚ್ಚಲೆಂದು ಕೊಳಚೆ ನೀರಿಗೆ ಇಳಿಯುವುದು ಬೇಡ. ಕಂಪನಿಗೆ ಫೋನ್ ಮಾಡಿದರೆ ಅವರು ಹೊರಗಿನಿಂದ ಲೈನ್ ನಿಲ್ಲಿಸುತ್ತಾರೆ.

ಹೆಜ್ಜೆ 3: ವಾಪಸ್ ಬಂದಾಗ ಮೊದಲು ಮೂಗು, ಆಮೇಲೆ ಕೈ

ಬೆಳಕಿರುವಾಗಲೇ ಬನ್ನಿ. ಟಾರ್ಚ್ ಬೇಕಿದ್ದರೆ ಬಾಗಿಲ ಹೊರಗೇ ಹಚ್ಚಿಕೊಂಡು ಒಳಗೆ ಹೋಗಿ. ಕಾಲಿಂಗ್ ಬೆಲ್, ಲಿಫ್ಟ್, ದೇವರ ದೀಪ, ಸೊಳ್ಳೆ ಬತ್ತಿ ಯಾವುದೂ ಬೇಡ. ಬಾಗಿಲಲ್ಲೇ ನಿಂತು ವಾಸನೆ ನೋಡಿ, ಬುಸ್ ಎನ್ನುವ ಸದ್ದಿದೆಯೇ ಕೇಳಿ.

ನಮ್ಮ ಊರಿನ ಕಷ್ಟವೊಂದಿದೆ. ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ತಿಳಿಯಲೆಂದು ಕೊಳೆತ ಕೋಸಿನಂಥ ನಾತದ ರಾಸಾಯನಿಕವನ್ನು ಬೆರೆಸಿರುತ್ತಾರೆ. ಆದರೆ ಚರಂಡಿ ನೀರು ಮನೆಯೊಳಗೆ ನಿಂತು ಹೋದಾಗ ಇಡೀ ಬೀದಿಯೇ ಕೊಳೆತ ಮೊಟ್ಟೆಯ ಹಾಗೆ ನಾರುತ್ತಿರುತ್ತದೆ. "ಮೋರಿ ವಾಸನೆ ಬಿಡಿ" ಎಂದು ಎಲ್ಲರೂ ಸುಮ್ಮನಾಗುವುದು ಇಲ್ಲೇ. ಜೊತೆಗೆ ಸ್ವಲ್ಪ ಹೊತ್ತು ಅದೇ ವಾಸನೆಯಲ್ಲಿದ್ದರೆ ಮೂಗು ಅದನ್ನು ಗುರುತಿಸುವುದನ್ನೇ ಬಿಡುತ್ತದೆ. ನೆಲದೊಳಗೆ ಸೋರಿದ ಗ್ಯಾಸ್ ಮಣ್ಣಿನ ಮೂಲಕ ಬರುವಾಗ ಬೆರೆಸಿದ ನಾತ ಮಣ್ಣಿನಲ್ಲೇ ಉಳಿದುಹೋಗುವುದೂ ಉಂಟು. ಆದ್ದರಿಂದ ಮೋರಿಯೋ ಗ್ಯಾಸೋ ಎಂಬ ಅನುಮಾನ ಬಂದರೆ ಗ್ಯಾಸ್ ಎಂದೇ ತಿಳಿಯಿರಿ. ಹೊರಗಿನಿಂದ ಆಗಷ್ಟೇ ಬಂದವರೊಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿ, ಅವರ ಮೂಗು ಇನ್ನೂ ಚುರುಕಾಗಿರುತ್ತದೆ.

ಅನುಮಾನ ಬಂದ ಕೂಡಲೇ ಕೈಗೆಟುಕಿದ ಕಿಟಕಿ ಬಾಗಿಲು ತೆರೆದು ನಡೆದೇ ಹೊರಗೆ ಬನ್ನಿ. ಸ್ಕೂಟರ್ ಸ್ಟಾರ್ಟ್ ಮಾಡಬೇಡಿ. ಫೋನ್ ಮಾಡುವುದು ದೂರ ಹೋದ ಮೇಲೆ: ಮೊದಲು ಬಿಲ್ಲಿನಲ್ಲಿರುವ ತುರ್ತು ನಂಬರ್, ಬೆಂಕಿಯ ಭಯವಿದ್ದರೆ 101 ಅಥವಾ 112. ಗಾಳಿಯಲ್ಲಿ ಈ ಗ್ಯಾಸ್ ಶೇ 5ರಿಂದ 15ರಷ್ಟು ಸೇರಿದರೆ ಒಂದು ಕಿಡಿ ಸಾಕು. ಮುಚ್ಚಿದ ಅಡುಗೆಮನೆಯಲ್ಲಿ ಅಷ್ಟು ತುಂಬಲು ಹೆಚ್ಚು ಹೊತ್ತು ಬೇಕಾಗಿಲ್ಲ.

ಹೆಜ್ಜೆ 4: ಗೋಡೆಯ ಮೇಲಿನ ಕೆಸರಿನ ಗೆರೆ ನೋಡಿ

ವಾಸನೆ ಇಲ್ಲ ಎಂದು ಖಾತ್ರಿಯಾದ ಮೇಲೆ ಮೀಟರ್ ಹತ್ತಿರ ಹೋಗಿ. ಎಷ್ಟರವರೆಗೆ ನೀರು ಬಂದಿತ್ತು ಎಂದು ಗೋಡೆಯೇ ಹೇಳುತ್ತದೆ. ಗೆರೆ ಮೀಟರಿಗಿಂತ, ರೆಗ್ಯುಲೇಟರಿಗಿಂತ ಮೇಲಿದ್ದರೆ ವಿಷಯ ಅಲ್ಲಿಗೆ ಮುಗಿಯಿತು. ಹೊರಗಡೆ ಒಣಗಿ ಥಳಥಳ ಎನ್ನುತ್ತಿದ್ದರೂ ವಾಲ್ವ್ ಮುಟ್ಟಬೇಡಿ.

ಇದಕ್ಕೆ ಕಾರಣ ರೆಗ್ಯುಲೇಟರಿನಲ್ಲಿದೆ. ಬೀದಿಯ ಕೊಳವೆಯಲ್ಲಿ ಸುಮಾರು 4 ಬಾರ್‌ವರೆಗೆ ಇರುವ ಒತ್ತಡವನ್ನು ಹಂತಹಂತವಾಗಿ ಇಳಿಸಿ ಒಲೆಗೆ 21 ಮಿಲಿಬಾರ್ ಕೊಡುವುದು ರೆಗ್ಯುಲೇಟರುಗಳ ಕೆಲಸ. ಒಳಗಿರುವ ತೆಳು ಪೊರೆಯೊಂದು ಮೇಲೆ ಕೆಳಗೆ ಆಡುತ್ತಾ ಒತ್ತಡ ಹಿಡಿದಿಡುತ್ತದೆ. ಆ ಪೊರೆ ಆಡಬೇಕಾದರೆ ಹೊರಗಿನ ಗಾಳಿ ಒಂದು ಚಿಕ್ಕ ರಂಧ್ರದಿಂದ ಒಳಗೆ ಹೊರಗೆ ಓಡಾಡಬೇಕು. ಬೆರಳ ತುದಿಯಷ್ಟೂ ಇಲ್ಲದ ಆ ರಂಧ್ರಕ್ಕೆ ಕೆಸರು ಮೆತ್ತಿಕೊಂಡು ಒಣಗಿತೆಂದರೆ ಪೊರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಒಲೆಗೆ ಕಡಿಮೆ ಗ್ಯಾಸ್ ಬರಬಹುದು, ತೀರಾ ಹೆಚ್ಚೂ ಬರಬಹುದು. ಸೂಜಿಯಿಂದ ಚುಚ್ಚಿ ಬಿಡಿಸಲು ಹೋದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಪೊರೆ ತೂತಾದರೆ ಗ್ಯಾಸ್ ನೇರ ಅಲ್ಲಿಂದಲೇ ಬರುತ್ತದೆ.

ನೀರು ಮೀಟರಿನವರೆಗೆ ಬಂದಿರದಿದ್ದರೂ ಪೈಪನ್ನು ಉದ್ದಕ್ಕೂ ಕಣ್ಣಾಡಿಸಿ ನೋಡಿ. ಗೋಡೆಗೆ ಹಿಡಿದಿರುವ ಕ್ಲಾಂಪ್ ಕಿತ್ತಿದೆಯೇ, ತೇಲಿ ಬಂದ ಫ್ರಿಜ್ಜೋ ಕಾರೋ ಪೈಪಿಗೆ ಗುದ್ದಿ ಬಾಗಿಸಿದೆಯೇ ಎಂದು ಗಮನಿಸಿ. ಒಲೆಯ ರಬ್ಬರ್ ಟ್ಯೂಬು ಕೊಳಚೆಯಲ್ಲಿ ನೆಂದಿದ್ದರೆ ತೊಳೆದು ಉಳಿಸಿಕೊಳ್ಳುವ ಆಸೆ ಬೇಡ, ಬದಲಾಯಿಸಿ.

ಹೆಜ್ಜೆ 5: ಕಾಯಿರಿ, ಪರೀಕ್ಷೆ ಮಾಡಿಸಿ, ಉರಿ ನೋಡಿ

ಇಡೀ ಬಡಾವಣೆ ಮುಳುಗಿದಾಗ ಕಂಪನಿಯವರು ಬರಲು ಒಂದೆರಡು ದಿನ ಹಿಡಿಯಬಹುದು. ಆ ಎರಡು ದಿನ ಇಂಡಕ್ಷನ್ ಒಲೆಯೋ ಹೋಟೆಲ್ ಇಡ್ಲಿಯೋ ಹೇಗೋ ನಡೆಯುತ್ತದೆ. ಪರಿಚಯದ ಪ್ಲಂಬರ್ ಸ್ಪ್ಯಾನರ್ ಹಿಡಿದು "ಹತ್ತು ನಿಮಿಷದ ಕೆಲಸ ಸಾರ್" ಎಂದರೂ ಒಪ್ಪಬೇಡಿ. ನೀರಿನ ಪೈಪು ಸೋರಿದರೆ ನೆಲ ಒದ್ದೆಯಾಗುತ್ತದೆ. ಗ್ಯಾಸ್ ಪೈಪು ಸೋರಿದರೆ ಗೊತ್ತಾಗುವುದು ಬೆಂಕಿ ಹತ್ತಿದಾಗ.

ಬಂದವರು ಲೈನಿನ ನೀರು ತೆಗೆದು, ಒತ್ತಡ ನಿಲ್ಲುತ್ತದೆಯೇ ಎಂದು ಅಳೆದು, ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ನಿಂತು ನೋಡಿ, ಕೇಳಿ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕಲು ಯಾರಿಗೂ ಬಿಡಬೇಡಿ. ಕೊನೆಗೆ ಒಲೆ ಹಚ್ಚಿದಾಗ ಉರಿ ನೀಲಿಯಾಗಿ ಅಲುಗದೆ ನಿಲ್ಲಬೇಕು. ಹಳದಿಯಾದರೆ, ಕೆಮ್ಮಿದರೆ, ಅವರು ಇರುವಾಗಲೇ ಮತ್ತೆ ತೋರಿಸಿ.

ಸಿಲಿಂಡರ್ ಇರುವವರಿಗೆ

ಕೊಳವೆ ಗ್ಯಾಸ್ ಗಾಳಿಗಿಂತ ಹಗುರ, ಮೇಲಕ್ಕೇರಿ ಚಾವಣಿಯ ಕೆಳಗೆ ಸೇರುತ್ತದೆ. ಸಿಲಿಂಡರಿನದು ಗಾಳಿಗಿಂತ ಭಾರ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಬೇಸ್‌ಮೆಂಟಿಗೆ ಇಳಿಯುತ್ತದೆ. ಬೇಸ್‌ಮೆಂಟಿನ ನೀರೆತ್ತಲು ಡೀಸೆಲ್ ಪಂಪ್ ತರಿಸುವ ಮುನ್ನ ಅಲ್ಲಿ ತೇಲುತ್ತಿರುವ ಸಿಲಿಂಡರ್ ಇದೆಯೇ, ವಾಸನೆ ಇದೆಯೇ ನೋಡಲೇಬೇಕು. ಸಿಲಿಂಡರ್ ಸೋರಿಕೆಗೆ ದಿನದ 24 ಗಂಟೆಯೂ 1906 ಇದೆ. ಮುಳುಗಿದ ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಏಜೆನ್ಸಿಗೆ ಕೊಟ್ಟು ಬದಲಾಯಿಸಿಕೊಳ್ಳಿ.

ಹೆಜ್ಜೆ 6: ಬೀದಿಯ ಕಡೆಗೂ ಕಣ್ಣಿರಲಿ

ನೆಲದಡಿಯ ಕೊಳವೆಯನ್ನು ಹಿಡಿದಿಟ್ಟಿರುವುದು ಸುತ್ತಲಿನ ಮಣ್ಣು. ನೀರು ಆ ಮಣ್ಣನ್ನು ಕೊಚ್ಚಿದರೆ ಕೊಳವೆ ಆಧಾರವಿಲ್ಲದೆ ಜೋತುಬೀಳುತ್ತದೆ. 1994ರ ಅಕ್ಟೋಬರಿನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಸ್ಯಾನ್ ಹಸಿಂಟೊ ನದಿ ಉಕ್ಕಿ ಹೊಸ ಹರಿವುಗಳನ್ನೇ ಕೊರೆದಾಗ ಎಂಟು ಪೈಪ್‌ಲೈನ್‌ಗಳು ಒಡೆದವು, ಇನ್ನೂ 29 ಪೈಪ್‌ಲೈನ್‌ಗಳ ಬುಡದ ಮಣ್ಣು ಹೋಗಿತ್ತು. ಸೋರಿದ ಇಂಧನಕ್ಕೆ ನೀರಿನ ಮೇಲೇ ಬೆಂಕಿ ಹತ್ತಿ 500ಕ್ಕೂ ಹೆಚ್ಚು ಜನ ಸುಟ್ಟಗಾಯಕ್ಕೂ ಹೊಗೆಗೂ ಚಿಕಿತ್ಸೆ ಪಡೆದರು. ನಮ್ಮಲ್ಲಿ ಅಂಥ ನದಿ ಇಲ್ಲ. ಆದರೆ ರಾಜಕಾಲುವೆಯ ದಂಡೆ ಕುಸಿಯುವುದನ್ನು, ಮಳೆಯ ಮಾರನೇ ದಿನ ರಸ್ತೆ ಬಾಯಿಬಿಡುವುದನ್ನು ಪ್ರತಿ ವರ್ಷ ನೋಡುತ್ತೇವೆ. ಬೀದಿಯ ಗ್ಯಾಸ್ ಕೊಳವೆ ಹಳದಿ ಅಥವಾ ಕಿತ್ತಳೆ ಬಣ್ಣದ ಪ್ಲಾಸ್ಟಿಕ್. ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ನೀರಿಗಿಂತ ಹಗುರ. ಮಣ್ಣು ಅಂಬಲಿಯಂತಾದರೆ ತೇಲಿ ಮೇಲೆದ್ದೀತು. ಅಂಥ ಕೊಳವೆ ಕಂಡರೆ, ನಿಂತ ನೀರಿನಲ್ಲಿ ಒಂದೇ ಜಾಗದಿಂದ ಬಿಡದೆ ಗುಳ್ಳೆ ಏಳುತ್ತಿದ್ದರೆ, ಜನರನ್ನು ದೂರ ನಿಲ್ಲಿಸಿ ಗ್ಯಾಸ್ ಕಂಪನಿಗೆ ತಿಳಿಸಿ. ಸೋರುವ ಜಾಗದಲ್ಲಿ ಉರಿ ಹತ್ತಿದ್ದರೆ ನೀರೆರಚಿ ಆರಿಸಬೇಡಿ. ಗ್ಯಾಸ್ ನಿಲ್ಲದೆ ಉರಿ ಮಾತ್ರ ಆರಿದರೆ ಅದು ಬೇರೆಡೆ ತುಂಬಿ ಸಿಡಿಯುತ್ತದೆ.

ಹೂಳೆತ್ತಲು ಜೆಸಿಬಿ ಬರುವುದು ಇದಾದ ಮೇಲೆ. ನೆರೆಯ ನಂತರದ ವಾರ ಎಲ್ಲರಿಗೂ ಅವಸರ, ನೆಲದ ಗುರುತುಗಳೂ ಕೊಚ್ಚಿಹೋಗಿರುತ್ತವೆ. ಗುದ್ದಲಿ ಹಾಕುವ ಮೊದಲು ಗ್ಯಾಸ್ ಕಂಪನಿಗೆ ತಿಳಿಸಿದ್ದಾರೆಯೇ ಎಂದು ಗುತ್ತಿಗೆದಾರರನ್ನು ಕೇಳಿ. ಇದಕ್ಕೆಂದೇ 2023ರಲ್ಲಿ ಕೇಂದ್ರ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿದೆ. ಬಕೆಟ್ಟಿನ ಹಲ್ಲು ಕೊಳವೆಗೆ ತಾಗಿ ಬರೀ ಗೀರು ಬಿದ್ದಿದೆ, ಗ್ಯಾಸೇನೂ ಬರುತ್ತಿಲ್ಲ ಎಂದು ಮಣ್ಣು ಎಳೆದು ಮುಚ್ಚಲು ಬಿಡಬೇಡಿ. ಕಂಪನಿಯವರು ಬಂದು ಆ ಗೀರನ್ನು ನೋಡುವವರೆಗೆ ಗುಂಡಿ ತೆರೆದೇ ಇರಲಿ, ಸುತ್ತ ಒಂದು ಹಗ್ಗ ಕಟ್ಟಿ ಯಾರಾದರೂ ಕಾವಲು ನಿಲ್ಲಲಿ.